ಶಿಸ್ತು ಯಾರದು ಸ್ವಾಮಿ?

ಪ್ಯಾರಿಸ್ ನೋಡಿ ಬಂದ ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: "ಅಲ್ಲಿನ ಬೀದಿಗಳು ಕನ್ನಡಿಯಂತಿವೆ. ಶಿಸ್ತು ಅವರ ರಕ್ತದಲ್ಲೇ ಇದೆ. ನಮ್ಮವರಿಗೆ ಯಾವಾಗ ಬುದ್ಧಿ ಬರುತ್ತದೆ?"

ಸಂಪಾದಕರ ಉತ್ತರ: ಹಾದಿಬೀದಿಯಲ್ಲಿ ಕಸ ಎಸೆಯುವುದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಕ್ತ ಅಂದಿರಲ್ಲ, ಅಲ್ಲಿ ನನಗೆ ಸುಮ್ನಿರಲು ಆಗಲಿಲ್ಲ.

ಪ್ಯಾರಿಸ್‌ನವರೂ ಬಹಳ ಕಾಲ ಕಸವನ್ನು ಬೀದಿಗೆ ಸುರಿದು ಬಾಗಿಲು ಹಾಕಿಕೊಂಡವರೇ. 1883ರ ನವೆಂಬರ್‌ನಲ್ಲಿ ಯೂಜೆನ್ ಪೂಬೆಲ್ ಎಂಬ ಅಧಿಕಾರಿ ಆದೇಶ ಹೊರಡಿಸಿದ: ಕಟ್ಟಡದ ಮಾಲೀಕರು ಮುಚ್ಚಳದ ಡಬ್ಬಿ ಇಡಬೇಕು. ಒಂದಲ್ಲ, ಮೂರು. ಕೊಳೆಯುವುದಕ್ಕೊಂದು, ಕಾಗದ, ಬಟ್ಟೆಗೊಂದು, ಗಾಜು, ಪಿಂಗಾಣಿ, ಸಿಂಪಿ ಚಿಪ್ಪಿಗೆ ಇನ್ನೊಂದು. ಹಸಿ ಕಸ, ಒಣ ಕಸ ಅಂತ ನಾವೀಗ ಗೊಣಗುತ್ತೇವಲ್ಲ, ಅವರೂ ಹಾಗೇ ಗೊಣಗಿದರು. ಮಾಲೀಕರು ಖರ್ಚು ಜಾಸ್ತಿ ಅಂದರು. ಬೇರ್ಪಡಿಸುವ ಮಾತು ಬೇಗನೆ ಮೂಲೆ ಸೇರಿತು. ಆ ರಕ್ತ ಆಗೆಲ್ಲಿ ಹೋಗಿತ್ತೋ!

ನಿಜವಾಗಿ ಬೇರ್ಪಡಿಸುತ್ತಿದ್ದವರು ಚಿಂದಿ ಆಯುವವರು. ಬೆನ್ನಿಗೆ ಬುಟ್ಟಿ, ಒಂದು ಕೈಯಲ್ಲಿ ಲಾಟೀನು, ಇನ್ನೊಂದರಲ್ಲಿ ಕೊಕ್ಕೆ. ಕೊಕ್ಕೆಗೆ ಸಿಕ್ಕಿದ್ದು ಭುಜದ ಮೇಲಿಂದ ಸೀದಾ ಬುಟ್ಟಿಗೆ. ಹರಕು ಬಟ್ಟೆ ಕಾಗದದ ಕಾರ್ಖಾನೆಗೆ ಹೋಗುತ್ತಿತ್ತು. ಮರದ ತಿರುಳು ಬರುವವರೆಗೆ ಪುಸ್ತಕ, ಪತ್ರಿಕೆ ನಿಂತದ್ದೇ ಆ ಚಿಂದಿಯ ಮೇಲೆ. ಪತ್ರಿಕೆಯವನಾದ ನಾನು ಅವರ ಪಕ್ಷ ವಹಿಸದೆ ಇನ್ನಾರು ವಹಿಸಬೇಕು? ಮೂಳೆಯಿಂದ ಗುಂಡಿ ಆಯಿತು, ಅಂಟು ಆಯಿತು. ಸುಟ್ಟು ಇದ್ದಿಲು ಮಾಡಿದರೆ ಸಕ್ಕರೆ ಬೆಳ್ಳಗೆ ಮಾಡಲೂ ಬಂತು. ದೊಡ್ಡವರ ಮನೆ ಕಾಫಿಗೆ ಬಿದ್ದದ್ದು ಅದೇ ಸಕ್ಕರೆ ಅಲ್ವಾ?

ಅವರಿಗೆ ಸಿಕ್ಕಿದ್ದೇನು? 1832ರಲ್ಲಿ ಕಾಲರಾ ಬಂದಾಗ ಕಸವನ್ನು ಗುತ್ತಿಗೆಯವರ ಗಾಡಿಗೆ ಒಪ್ಪಿಸಿದರು. ಹೊಟ್ಟೆಯ ಮೇಲೆ ಹೊಡೆದರೆ ಯಾರು ಸುಮ್ಮನಿರುತ್ತಾರೆ? ಗಾಡಿಗಳನ್ನು ಸುಟ್ಟರು, ಸೀನ್ ನದಿಗೆ ನೂಕಿದರು. ಪೂಬೆಲ್‌ನ ಡಬ್ಬಿ ಬಂದಾಗ ಮತ್ತೆ ಗಲಾಟೆ. ಕೊನೆಗೆ ಒಂದು ರಾಜಿಯಾಯಿತು: ಗಾಡಿ ಬರುವ ಮೊದಲು ನೆಲಕ್ಕೆ ಬಟ್ಟೆ ಹಾಸಿ, ಡಬ್ಬಿ ಸುರಿದು, ಬೇಕಾದ್ದು ಆಯ್ದು, ಉಳಿದದ್ದನ್ನು ವಾಪಸ್ ತುಂಬಬೇಕು.

ಇದೇ ನೆಪದಲ್ಲಿ ನಮಗೆ ಬರುವ ಯುರೋಪ್ ಪ್ರವಾಸ ಕಥನಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಎಲ್ಲದರಲ್ಲೂ ಐಫೆಲ್ ಗೋಪುರ, ಚೀಸ್, ಆಮೇಲೆ "ಒಂದು ಕಡ್ಡಿ ಕಸವಿಲ್ಲ". ಬೆಳಗಿನ ಜಾವ ಕಸದ ಲಾರಿಯ ಹಿಂದೆ ನಿಂತು ಹೋಗುವವರು ಯಾರು, ಅವರಿಗೆ ಸಂಬಳ ಎಷ್ಟು ಅಂತ ವಿಚಾರಿಸಿದವರು ಒಬ್ಬರೂ ಇಲ್ಲ. ನೀವು ಕಣ್ಣಿಟ್ಟು ನೋಡುವವರು, ಪತ್ರದಲ್ಲೇ ಗೊತ್ತಾಗುತ್ತದೆ. ಮುಂದಿನ ಸಲ ಹೋದಾಗ ಅದನ್ನು ಬರೆದು ಕಳಿಸಿ, ಖಂಡಿತ ಅಚ್ಚು ಹಾಕುತ್ತೇನೆ. ಗೋಪುರದ ಫೋಟೋ ಮಾತ್ರ ಬೇಡ, ನಮ್ಮ ಕಚೇರಿಯಲ್ಲಿ ಬೇಕಾದಷ್ಟು ಬಿದ್ದಿವೆ.