ಕಪ್‌ಗಳ ಪಟ್ಟಿ ಬೇಡ, ಊರಿನ ಕಥೆ ಬರೆಯಿರಿ

ನಮಸ್ಕಾರ.

ಗ್ರೀನ್ ಬೇ ಪ್ಯಾಕರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಬಗ್ಗೆ ನೀವು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಮಾತ್ರ ಕೈಬಿಡಬೇಡಿ. ಎಲ್ಲಿ ಎಡವಿದ್ದೀರಿ ಅಂತ ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಲೇಖನದ ಮುಕ್ಕಾಲು ಭಾಗ ಗೆದ್ದ ಕಪ್‌ಗಳ ಲೆಕ್ಕವೇ. 1929, 1930, 1931ರಲ್ಲಿ ಸತತ ಮೂರು. ಆಮೇಲೆ 1936, 1939, 1944. ಹೀಗೇ 2010ರ ಸೀಸನ್‌ವರೆಗೆ ಒಟ್ಟು 13. ಒಂದು ಇಸವಿಯೂ ತಪ್ಪಿಲ್ಲ. ಆದರೆ ಈ ಆಟವನ್ನೇ ನೋಡದ ನಮ್ಮ ಓದುಗರಿಗೆ ಇದು ಗೊತ್ತಿಲ್ಲದ ಊರಿನ ಬಸ್ ವೇಳಾಪಟ್ಟಿ ಓದಿದ ಹಾಗಾಗುತ್ತದೆ.

ಅವರಿಗೆ ಏಳುವ ಪ್ರಶ್ನೆಯೇ ಬೇರೆ. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇಯಲ್ಲಿ ಇರುವುದು ಸುಮಾರು 1 ಲಕ್ಷ ಜನ. ನ್ಯೂಯಾರ್ಕ್, ಶಿಕಾಗೊ, ಡಲ್ಲಾಸ್ ತಂಡಗಳ ಮಧ್ಯೆ ಈ ಪುಟ್ಟ ಊರಿನ ತಂಡ ನೂರು ವರ್ಷ ಹೇಗೆ ಉಳಿಯಿತು? 1920ರ ದಶಕದಲ್ಲಿ ಕ್ಯಾಂಟನ್, ರಾಕ್ ಐಲೆಂಡ್, ಡುಲುತ್‌ನಂಥ ಊರುಗಳಿಗೂ ಎನ್‌ಎಫ್‌ಎಲ್ (ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗ್) ತಂಡಗಳಿದ್ದವು. ಎಲ್ಲ ಮುಚ್ಚಿಹೋದವು. ನೀವು ಇದಕ್ಕೆ ಉತ್ತರ ಕೊಟ್ಟಿದ್ದೀರಿ, ಆದರೆ ಕೊನೇ ಪುಟದಲ್ಲಿ, ನಾಲ್ಕೇ ಸಾಲಿನಲ್ಲಿ: ತಂಡಕ್ಕೆ ಮಾಲೀಕ ಅಂತ ಒಬ್ಬನಿಲ್ಲ, ಷೇರುಗಳು ಜನರ ಹತ್ತಿರ ಇವೆ. ಅಯ್ಯೋ, ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ!

1919ರಲ್ಲಿ ತಂಡ ಕಟ್ಟಿದ ಕರ್ಲಿ ಲ್ಯಾಂಬೋ ತಾನು ಕೆಲಸಕ್ಕಿದ್ದ ಮಾಂಸ ಪ್ಯಾಕ್ ಮಾಡುವ ಕಂಪನಿಯಿಂದ ಜೆರ್ಸಿಗೆ ದುಡ್ಡು ಕೇಳಿ ಪಡೆದದ್ದನ್ನು ಸೊಗಸಾಗಿ ಹೇಳಿದ್ದೀರಿ. ಆ ಪ್ಯಾರಾ ಮುಟ್ಟಬೇಡಿ. ಆದರೆ ಅಲ್ಲಿಂದ ಸೀದಾ 1929ಕ್ಕೆ ಹಾರಿದ್ದೀರಿ. ಮಧ್ಯೆ ನಡೆದದ್ದೇ ಕಥೆ. ಲೀಗ್ ಸೇರಿದ ಮೊದಲ ವರ್ಷವೇ ನಿಯಮ ಮೀರಿ ಕಾಲೇಜು ಆಟಗಾರರನ್ನು ಕದ್ದುಮುಚ್ಚಿ ಆಡಿಸಿ ಸಿಕ್ಕಿಬಿದ್ದರು, ಲೀಗ್‌ನಿಂದ ಹೊರಬಿದ್ದರು. 1922ರಲ್ಲಿ ಲ್ಯಾಂಬೋ ತಂಡದ ಜಾಗ ಮತ್ತೆ ಪಡೆದುಕೊಂಡ. ಆದರೂ ಕೈಯಲ್ಲಿ ಕಾಸಿಲ್ಲ. 1923ರಲ್ಲಿ ಊರವರಿಗೆ 5 ಡಾಲರಿಗೊಂದರಂತೆ ಷೇರು ಮಾರಿದರು. 1935ರಲ್ಲಿ ಮತ್ತೆ ಮಾರಾಟ. ಕಾರಣ ಕೇಳಿ: ಸ್ಟ್ಯಾಂಡಿನಿಂದ ಬಿದ್ದ ಪ್ರೇಕ್ಷಕನೊಬ್ಬ ಕೇಸು ಹಾಕಿ ಗೆದ್ದ, ತಂಡದ ವಿಮೆ ಕಂಪನಿ ಮುಳುಗಿತು, ತಂಡ ಕೋರ್ಟಿನ ಉಸ್ತುವಾರಿಗೆ ಹೋಯಿತು. ನಿಮ್ಮ ಪಟ್ಟಿಯ 1936ರ ಕಪ್ ಬಂದದ್ದು ಇದರ ಮರುವರ್ಷ. ಹೀಗೆ ಹೇಳಿದರೆ ಆ ಇಸವಿಗೊಂದು ಅರ್ಥ ಬರುತ್ತದೆ, ಅಲ್ವಾ?

ಷೇರಿನ ವಿಷಯದಲ್ಲಿ ನೀವು ಜಾಸ್ತಿ ಭಾವುಕರಾಗಿದ್ದೀರಿ. "ಅಭಿಮಾನಿಗಳೇ ತಂಡ ನಡೆಸುತ್ತಾರೆ" ಎಂಬ ಸಾಲು ಹೊಡೆದುಹಾಕಿ. ಅವರು ನಡೆಸುವುದಿಲ್ಲ. ಅವರಿಗೆ ಲಾಭದ ಪಾಲಿಲ್ಲ, ಷೇರಿನ ಬೆಲೆ ಏರುವುದಿಲ್ಲ, ಬೇರೆಯವರಿಗೆ ಮಾರಿ ದುಡ್ಡು ಮಾಡುವಂತಿಲ್ಲ. ಪಂದ್ಯದ ಟಿಕೆಟ್ ಕೂಡ ಸಿಗುವುದಿಲ್ಲ. ವಾರ್ಷಿಕ ಸಭೆಗೆ ಹೋಗಬಹುದು, ನಿರ್ದೇಶಕರ ಆಯ್ಕೆಗೆ ಮತ ಹಾಕಬಹುದು, ಅಷ್ಟೇ. ಇಷ್ಟಾದರೂ 2011ರಲ್ಲಿ ಒಂದಕ್ಕೆ 250 ಡಾಲರ್ ಇಟ್ಟಾಗ ಜನ ಮುಗಿಬಿದ್ದು ಕೊಂಡರು. ಈಗ ಷೇರುದಾರರು 5 ಲಕ್ಷಕ್ಕೂ ಹೆಚ್ಚು. ಯಾಕೆ ಕೊಂಡರು? ಇಲ್ಲಿ ನಿಮ್ಮ ಅಭಿಪ್ರಾಯ ಬೇಕಿತ್ತು, ನೀವು ಸುಮ್ನೆ ದಾಟಿಬಿಟ್ಟಿದ್ದೀರಿ. ನನಗನ್ನಿಸುವುದು ಇಷ್ಟು: ತಂಡವನ್ನು ಯಾರೂ ಎತ್ತಿಕೊಂಡು ಹೋಗಲಾರರು ಎಂಬ ಧೈರ್ಯಕ್ಕೆ ಅವರು ದುಡ್ಡು ಕೊಟ್ಟಿದ್ದಾರೆ. 1984ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ಮಾಲೀಕ ರಾತ್ರೋರಾತ್ರಿ ಲಾರಿಗಳಿಗೆ ಸಾಮಾನು ತುಂಬಿಸಿ ತಂಡವನ್ನು ಇಂಡಿಯಾನಾಪೊಲಿಸ್‌ಗೆ ಸಾಗಿಸಿದ. ಬಾಲ್ಟಿಮೋರ್, ಗ್ರೀನ್ ಬೇ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯಿರಿ. ಹೊಸದಾಗಿ ಯಾವ ತಂಡವೂ ಗ್ರೀನ್ ಬೇ ಥರ ಊರಿನ ಆಸ್ತಿಯಾಗದಂತೆ ಲೀಗ್ ನಿಯಮವನ್ನೇ ಮಾಡಿದೆ ಎಂಬುದನ್ನೂ ಸೇರಿಸಿ.

ಕೋಚ್ ವಿನ್ಸ್ ಲೊಂಬಾರ್ಡಿ ಬಗ್ಗೆ ಬರೆದ ಪುಟಗಳಲ್ಲಿ ಹೊಗಳಿಕೆ ಇದೆ, ಮನುಷ್ಯ ಇಲ್ಲ. "ಇತಿಹಾಸ ನಿರ್ಮಿಸಿದರು", "ದಂತಕಥೆಯಾದರು" ಎಲ್ಲ ತೆಗೆಯಿರಿ. 1958ರಲ್ಲಿ 12 ಪಂದ್ಯಗಳಲ್ಲಿ ಒಂದೇ ಒಂದು ಗೆದ್ದಿದ್ದ ತಂಡ ಅದು. ಮರುವರ್ಷ ಬಂದ ಲೊಂಬಾರ್ಡಿ ಅದನ್ನು 1961ರಿಂದ 1967ರೊಳಗೆ ಐದು ಸಲ ಚಾಂಪಿಯನ್ ಮಾಡಿದ. ಇಷ್ಟು ಸಾಕು, ಹೊಗಳುವುದು ಬೇಡ. ಅದರ ಬದಲು ಐಸ್ ಬೌಲ್ ಎಂದು ಹೆಸರಾದ ಪಂದ್ಯ ತೋರಿಸಿ. ಡಿಸೆಂಬರ್ 31, 1967. ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗೆ. ಮೈದಾನದಡಿ ಹಾಕಿದ್ದ ಬಿಸಿ ವ್ಯವಸ್ಥೆ ಕೈಕೊಟ್ಟು ನೆಲ ಕಲ್ಲಾಗಿತ್ತು. ರೆಫರಿಯ ಲೋಹದ ಸೀಟಿ ತುಟಿಗೆ ಅಂಟಿಕೊಂಡಿತು. ಡಲ್ಲಾಸ್ 17, ಗ್ರೀನ್ ಬೇ 14, ಉಳಿದದ್ದು 16 ಸೆಕೆಂಡ್. ಗ್ರೀನ್ ಬೇ ಆಟಗಾರ ಬಾರ್ಟ್ ಸ್ಟಾರ್ ಚೆಂಡನ್ನು ಯಾರಿಗೂ ಕೊಡದೆ ತಾನೇ ಗೆರೆಯಾಚೆ ನುಗ್ಗಿ ಗೆಲ್ಲಿಸಿದ. ನೀವು ಇದಕ್ಕೆ ಕೊಟ್ಟಿರುವುದು ಒಂದು ಸಾಲು!

1968ರಿಂದ 1991ರವರೆಗಿನ ಕಾಲವನ್ನೂ "ಕೆಲವು ಕಷ್ಟದ ವರ್ಷಗಳು" ಅಂತ ಮುಗಿಸಿದ್ದೀರಿ. ಇಪ್ಪತ್ತನಾಲ್ಕು ಸೀಸನ್‌ನಲ್ಲಿ ಎರಡೇ ಸಲ ಪ್ಲೇಆಫ್. ಇಷ್ಟು ಸೋತೂ ತಂಡ ದಿವಾಳಿಯಾಗಲಿಲ್ಲ. ಅದಕ್ಕೆ ಕಾರಣ ಷೇರಲ್ಲ, ಟೀವಿ. ಪಂದ್ಯಗಳ ಪ್ರಸಾರ ಹಕ್ಕನ್ನು ಲೀಗ್ ಒಟ್ಟಾಗಿ ಮಾರಲು 1961ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನು ಮಾಡಿತು. ಬಂದ ದುಡ್ಡು ಎಲ್ಲ ತಂಡಗಳಿಗೂ ಸಮಪಾಲು. ನ್ಯೂಯಾರ್ಕಿಗೆ ಎಷ್ಟೋ ಗ್ರೀನ್ ಬೇಗೂ ಅಷ್ಟೇ. ಊರವರ ಪ್ರೀತಿಯಷ್ಟೇ ಈ ತಂಡವನ್ನು ಉಳಿಸಿತು ಎಂಬ ನಿಮ್ಮ ವಾದಕ್ಕೆ ಇದು ಅಡ್ಡ ಬರುತ್ತದೆ, ಗೊತ್ತು. ಆದರೂ ಹಾಕಲೇಬೇಕು.

ಆಮೇಲಿನ ಕಾಲದ ಆಟಗಾರರಾದ ಫಾರ್ವ್, ರಾಡ್ಜರ್ಸ್ ಭಾಗ ಸರಿಯಾಗಿದೆ, ಅರ್ಧಕ್ಕೆ ಇಳಿಸಿ. ಆಟದ ನಿಯಮ ವಿವರಿಸುವ ಪುಟ ಪೂರ್ತಿ ಬೇಡ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು ಅಂತ ಐಸ್ ಬೌಲ್ ಬರುವ ಜಾಗದಲ್ಲೇ ಹೇಳಿಬಿಡಿ. ತಿದ್ದಿದ ಪ್ರತಿ 1,500 ಪದ ದಾಟದಿರಲಿ. ಮುಂದಿನ ತಿಂಗಳು ಕಳಿಸಿದರೂ ನಡೆಯುತ್ತದೆ.