ನ್ಯೂಸ್‌ಗೆ ಫುಲ್ ಫಾರ್ಮ್ ಇಲ್ಲ ಸ್ವಾಮಿ

ನಾರ್ತ್, ಈಸ್ಟ್, ವೆಸ್ಟ್, ಸೌತ್: ನಾಲ್ಕು ದಿಕ್ಕಿನಿಂದ ಬರುವುದೇ ನ್ಯೂಸ್ ಎಂದು ಮಗಳ ಜನರಲ್ ನಾಲೆಜ್ ಪುಸ್ತಕದಲ್ಲಿದೆ. ಸರಿ ತಾನೇ ಮೇಡಂ?

ಅಲ್ಲ. ಎಷ್ಟು ಸಲ ಬರೆದರೂ ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ನ್ಯೂ ಅಂದರೆ ಹೊಸದು. ಅದಕ್ಕೆ ಬಹುವಚನದ ಎಸ್ ಸೇರಿಸಿ ‘ಹೊಸವು’ ಎಂದರು, ಅಷ್ಟೇ. ಫ್ರೆಂಚರ ‘ನೂವೆಲ್’ ಕೂಡ ಹೀಗೇ ಆದದ್ದು, ಇಂಗ್ಲಿಷ್ ಅದೇ ಜಾಡು ಹಿಡಿಯಿತು. ಷೇಕ್ಸ್‌ಪಿಯರ್ ನಾಟಕಗಳಲ್ಲಿ ‘ದೀಸ್ ನ್ಯೂಸ್’ ಎಂಬ ಬಹುವಚನ ಇನ್ನೂ ಸಿಗುತ್ತದೆ.

ಹಳೆಯ ಬರಹಗಳಲ್ಲಿ ಈ ಪದವನ್ನು ಎನ್-ಇ-ಡಬ್ಲ್ಯು-ಇ-ಎಸ್ ಎಂದೂ ಬರೆಯುತ್ತಿದ್ದರು. ಆ ಎರಡನೇ ಇ ಯಾವ ದಿಕ್ಕು? ಪುಸ್ತಕ ಬರೆದವರನ್ನೇ ಕೇಳಿ. ಡಚ್ಚರ ‘ನೀವ್ಸ್’ ಕೂಡ ‘ಹೊಸ’ ಎಂಬುದರಿಂದಲೇ ಬಂದದ್ದು. ಅವರ ದಿಕ್ಕುಗಳು ನೋರ್ಡ್, ಓಸ್ಟ್, ಜೌಡ್, ವೆಸ್ಟ್. ಮೊದಲಕ್ಷರ ಹೇಗೆ ಜೋಡಿಸಿದರೂ ಅವರ ಪದ ಆಗುವುದಿಲ್ಲ.

ದಿಕ್ಕಿನ ಕಥೆ ಹಳೆಯದು, ಅದು ನಿಜ. 17ನೇ ಶತಮಾನದ ಒಂದು ಇಂಗ್ಲಿಷ್ ಚುಟುಕಿನಲ್ಲೇ ಬರುತ್ತದೆ. ತಮಾಷೆಗೆ ಬರೆದದ್ದನ್ನು ನಮ್ಮ ಸ್ಪೋಕನ್ ಇಂಗ್ಲಿಷ್ ಪಂಡಿತರು ಪಾಠ ಮಾಡಿಟ್ಟಿದ್ದಾರೆ. ಮೊದಲಕ್ಷರ ಹೆಣೆದು ಪದ ಮಾಡುವ ಗೀಳು ಇಂಗ್ಲಿಷಿಗೆ ಜೋರಾಗಿ ಅಂಟಿದ್ದು 20ನೇ ಶತಮಾನದಲ್ಲಿ. ರೇಡಾರ್, ಲೇಸರ್ ಎಲ್ಲ ಆಗಿನವು. ಅದಕ್ಕಿಂತ ಹಳೆಯ ಪದಕ್ಕೆ ಯಾರಾದರೂ ಫುಲ್ ಫಾರ್ಮ್ ಹೇಳಿದರೆ ನಾನಂತೂ ಮೊದಲು ಅನುಮಾನವೇ ಪಡುತ್ತೇನೆ. ನೀವೂ ‘ಯಾವ ವರ್ಷದ ದಾಖಲೆ?’ ಎಂದು ಕೇಳಿ. ಮಾತು ಬದಲಾಯಿಸುತ್ತಾರೆ.

ಮಗಳ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದರೆ? ಟೀಚರ್ ಹತ್ತಿರ ಮೊದಲೇ ಮಾತಾಡಿ. ಮಗುವನ್ನು ಜಗಳಕ್ಕೆ ಬಿಡಬೇಡಿ.

ಚಾರಿಯಟ್, ಹಾರ್ಸ್, ಎಲಿಫೆಂಟ್, ಸೋಲ್ಜರ್ಸ್ ಸೇರಿ ಚೆಸ್ ಅಲ್ವಾ?

ಲೆಕ್ಕ ಹಾಕಿ, ಎಸ್ ಒಂದು ಕಡಿಮೆ ಬೀಳುತ್ತದೆ! ಆಟ ನಮ್ಮ ಚತುರಂಗದಿಂದ ಹೋದದ್ದು, ಹೆಸರು ಪರ್ಷಿಯನ್ನರ ‘ಶಾ’, ಅಂದರೆ ರಾಜ, ಎಂಬುದರಿಂದ ಹಳೆಯ ಫ್ರೆಂಚ್ ದಾಟಿ ಬಂದದ್ದು.

ಕಂಪ್ಯೂಟರ್ ಫುಲ್ ಫಾರ್ಮ್ ತಿಳಿಸಿ.

ಇಲ್ಲ. ಲೆಕ್ಕ ಮಾಡುವ ಮನುಷ್ಯರನ್ನೇ 17ನೇ ಶತಮಾನದಲ್ಲಿ ಹಾಗೆ ಕರೆಯುತ್ತಿದ್ದರು.

ಓಕೆಗೂ ಫುಲ್ ಫಾರ್ಮ್ ಇಲ್ವಾ?

ಇದಕ್ಕೆ ಇದೆ! ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ‘ಓಲ್ ಕೊರೆಕ್ಟ್’ ಎಂದು ತಪ್ಪಾಗಿ ಬರೆದು ನಗುವುದು ಆಗಿನ ಅಮೆರಿಕದ ಶೋಕಿ. 1839ರ ಬಾಸ್ಟನ್ ಪತ್ರಿಕೆಯಲ್ಲಿ ದಾಖಲೆ ಸಿಗುತ್ತದೆ. ಯುದ್ಧದಲ್ಲಿ ಯಾರೂ ಸಾಯದಿದ್ದರೆ ‘ಝೀರೋ ಕಿಲ್ಡ್’ ಎಂದು ಬರೆಯುತ್ತಿದ್ದರು ಎಂಬ ಕಥೆಯನ್ನು ಮಾತ್ರ ದಯವಿಟ್ಟು ನನಗೆ ಕಳಿಸಬೇಡಿ.