ಚಂದಾ ನಿಲ್ಲಿಸಿದರೆ ನನ್ನ ಫೋಟೋಗಳ ಗತಿ ಏನು?

ಪ್ರಶ್ನೆ: ಫೋಟೋ ತಿದ್ದಲು, ಜೋಡಿಸಿಡಲು ಆರು ವರ್ಷದಿಂದ ಅಡೋಬಿ ಕಂಪನಿಯ ಲೈಟ್‌ರೂಮ್ ಕ್ಲಾಸಿಕ್ ಎಂಬ ಪ್ರೋಗ್ರಾಂ ಬಳಸುತ್ತಿದ್ದೇನೆ. ಫೋಟೋಗ್ರಫಿ ನನಗೆ ಹವ್ಯಾಸ, ಅದರಿಂದ ಸಂಪಾದನೆ ಏನೂ ಇಲ್ಲ. ಹಕ್ಕಿಗಳು, ಮನೆಯವರು, ಪ್ರವಾಸ, ಇಷ್ಟೇ ನನ್ನ ವಿಷಯ. ಕೆಲವು ತಿಂಗಳು ಪ್ರೋಗ್ರಾಂ ತೆರೆಯುವುದೇ ಇಲ್ಲ, ಆದರೂ ಚಂದಾ ಕಟ್ಟುತ್ತಲೇ ಇದ್ದೇನೆ. ಬಿಡೋಣ ಅಂದರೆ ಅದರಲ್ಲಿ ಸುಮಾರು 18,000 ಫೋಟೋಗಳಿವೆ. ಚಂದಾ ನಿಲ್ಲಿಸಿದರೆ ಅವೆಲ್ಲ ಹೋಗುತ್ತವೆಯೇ? ಕಡಿಮೆ ಖರ್ಚಿನಲ್ಲಿ ಯಾವುದನ್ನು ಹಿಡಿಯಲಿ?

ಉತ್ತರ: ಮೊದಲು ಆ ಭಯ ಬಿಡಿ. ಫೋಟೋಗಳು ಎಲ್ಲೂ ಹೋಗುವುದಿಲ್ಲ. ಲೈಟ್‌ರೂಮ್ ಕ್ಲಾಸಿಕ್ ಫೋಟೋಗಳನ್ನು ತನ್ನೊಳಗೆ ಇಟ್ಟುಕೊಳ್ಳುವುದೇ ಇಲ್ಲ. ಅವು ನಿಮ್ಮ ಹಾರ್ಡ್ ಡಿಸ್ಕ್‌ನ ಫೋಲ್ಡರ್‌ಗಳಲ್ಲೇ ಇರುತ್ತವೆ. ಕ್ಯಾಟಲಾಗ್ ಅನ್ನುವುದು ಲೆಕ್ಕದ ಪುಸ್ತಕ ಇದ್ದ ಹಾಗೆ. ಯಾವ ಫೋಟೋ ಎಲ್ಲಿದೆ, ಅದಕ್ಕೆ ಏನೇನು ತಿದ್ದುಪಡಿ ಮಾಡಿದ್ದೀರಿ ಅಂತ ಅದರಲ್ಲಿ ಬರೆದಿರುತ್ತದೆ, ಅಷ್ಟೇ. ಚಂದಾ ಮುಗಿದ ಮೇಲೂ ಪ್ರೋಗ್ರಾಂ ತೆರೆದುಕೊಳ್ಳುತ್ತದೆ. ಫೋಟೋ ತಿದ್ದುವ ಡೆವಲಪ್ ಭಾಗ, ಫೋಟೋ ತೆಗೆದ ಜಾಗ ತೋರಿಸುವ ಮ್ಯಾಪ್ ಭಾಗ ಮಾತ್ರ ಮುಚ್ಚಿಹೋಗುತ್ತವೆ. ಹಳೆಯ ಫೋಟೋ ನೋಡಬಹುದು, ಹುಡುಕಬಹುದು, ತಿದ್ದಿದ ರೂಪದಲ್ಲೇ ಎಕ್ಸ್‌ಪೋರ್ಟ್ ಕೂಡ ಮಾಡಬಹುದು. ಕ್ಲೌಡ್‌ನಲ್ಲಿ ಫೋಟೋ ಇಡುವ ಇನ್ನೊಂದು ಲೈಟ್‌ರೂಮ್ ಬಳಸುವವರ ಕಥೆ ಬೇರೆ. ಅವರು ಚಂದಾ ನಿಲ್ಲಿಸುವ ಮೊದಲೇ ಮೂಲ ಫೈಲ್‌ಗಳನ್ನೆಲ್ಲ ಇಳಿಸಿಕೊಳ್ಳಬೇಕು.

ನಿಜವಾಗಿ ಕೈಬಿಡುವುದು ಒಂದೇ: ನೀವು ಮಾಡಿದ ಎಡಿಟ್‌ಗಳನ್ನು ಮುಂದೆ ಬದಲಾಯಿಸುವ ಅವಕಾಶ. ಯಾವ ಪ್ರೋಗ್ರಾಂಗೆ ಹೋದರೂ ಆ ಎಡಿಟ್‌ಗಳು ಹಾಗೆಯೇ ಜೊತೆಗೆ ಬರುವುದಿಲ್ಲ. ಯಾಕೆ ಅಂದರೆ, ರಾ ಫೈಲ್, ಅಂದರೆ ಕ್ಯಾಮೆರಾದ ಸೆನ್ಸರ್ ಅಳೆದದ್ದನ್ನು ಹಾಗೆಯೇ ಬರೆದಿಟ್ಟ ಫೈಲ್, ಇನ್ನೂ ಚಿತ್ರವೇ ಅಲ್ಲ. ಸಾಮಾನ್ಯ ಸೆನ್ಸರ್‌ನಲ್ಲಿ ಒಂದು ಚುಕ್ಕೆ ಅಳೆಯುವುದು ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನು ಮಾತ್ರ. ಉಳಿದ ಎರಡನ್ನು ಅಕ್ಕಪಕ್ಕದ ಚುಕ್ಕೆ ನೋಡಿ ಪ್ರೋಗ್ರಾಂ ಲೆಕ್ಕ ಹಾಕುತ್ತದೆ. ಆಮೇಲೆ ಬಣ್ಣ, ಬೆಳಕು, ಕಾಂಟ್ರಾಸ್ಟ್. ಈ ಲೆಕ್ಕ ಒಂದೊಂದು ಪ್ರೋಗ್ರಾಂನಲ್ಲಿ ಒಂದೊಂದು ಥರ. ಇಲ್ಲಿ ಹೈಲೈಟ್ಸ್ ಸ್ಲೈಡರನ್ನು 40ರಷ್ಟು ಕೆಳಗೆ ಇಳಿಸಿದ್ದಕ್ಕೆ ಅಲ್ಲಿ ಅರ್ಥವೇ ಇಲ್ಲ. ಡಾರ್ಕ್‌ಟೇಬಲ್ ಎಂಬ ಉಚಿತ ಪ್ರೋಗ್ರಾಂ ಕ್ರಾಪ್, ಎಕ್ಸ್‌ಪೋಷರ್‌ನಂಥ ಕೆಲವನ್ನು ಓದಿಕೊಳ್ಳುತ್ತದೆ. ಆದರೂ ಕೊನೆಗೆ ಕಾಣುವ ಚಿತ್ರ ಅದೇ ಆಗಿರುವುದಿಲ್ಲ.

ಅದಕ್ಕೇ ನನ್ನ ಸಲಹೆ: ಒಂದು ಗೆರೆ ಎಳೆಯಿರಿ. ಹಳೆಯ ಫೋಟೋ ಹಳೆಯದರಲ್ಲೇ ಮುಗಿಯಲಿ. ಹೊಸ ಫೋಟೋ ಹೊಸದರಲ್ಲಿ ಶುರುವಾಗಲಿ. ನಾನು ಪ್ರೋಗ್ರಾಂ ಬದಲಾಯಿಸಿದಾಗ ಹಳೆಯದನ್ನೆಲ್ಲ ಮತ್ತೆ ತಿದ್ದಲು ಕೂತಿದ್ದೆ. ಎರಡು ತಿಂಗಳು ಕ್ಯಾಮೆರಾ ಮುಟ್ಟಲೇ ಇಲ್ಲ. ಆ ಎರಡು ತಿಂಗಳು ಹೋಯಿತಲ್ಲ ಅಂತ ಈಗಲೂ ಬೇಜಾರಾಗುತ್ತದೆ. ನಿಮಗೆ ಹಾಗಾಗುವುದು ಬೇಡ.

ಗೆರೆ ಎಳೆಯುವ ಮೊದಲು ಸ್ವಲ್ಪ ತಯಾರಿ ಬೇಕು. ಒಂದು ವಾರಾಂತ್ಯ ಸಾಕು. ಲೈಬ್ರರಿಯಲ್ಲಿ ಎಲ್ಲ ಫೋಟೋ ಆರಿಸಿ, ಕಂಟ್ರೋಲ್ ಜೊತೆ ಎಸ್ ಒತ್ತಿ. ಮ್ಯಾಕ್ ಆದರೆ ಕಮಾಂಡ್ ಜೊತೆ ಎಸ್. ಆಗ ಸ್ಟಾರ್, ಕೀವರ್ಡ್, ಅಡಿಬರಹ ಎಲ್ಲ ಪ್ರತಿ ರಾ ಫೈಲ್‌ನ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಚಿಕ್ಕ ಫೈಲ್‌ನಲ್ಲಿ ಬರೆದುಕೊಳ್ಳುತ್ತದೆ. ಜೆಪೆಗ್ ಮತ್ತು ಡಿಎನ್‌ಜಿ (ಅಡೋಬಿ ರೂಪಿಸಿದ ರಾ ಫೈಲ್ ಮಾದರಿ) ಆದರೆ ಫೈಲ್ ಒಳಗೇ ಸೇರುತ್ತದೆ. ಇವನ್ನು ಬೇರೆ ಪ್ರೋಗ್ರಾಂಗಳೂ ಓದುತ್ತವೆ. ಆರು ವರ್ಷ ಕೂತು ಹಾಕಿದ ಹಕ್ಕಿಗಳ ಹೆಸರು ಕಳೆದುಹೋದರೆ ಅದು ದೊಡ್ಡ ನಷ್ಟ ಅಲ್ವಾ? ಈ ಒಂದು ಹೆಜ್ಜೆಯನ್ನು ಮಾತ್ರ ಮರೆಯಬೇಡಿ.

ಕಲೆಕ್ಷನ್‌ಗಳು (ನೀವು ಮಾಡಿಕೊಂಡ ಫೋಟೋ ಗುಂಪುಗಳು) ಮತ್ತು ವರ್ಚುವಲ್ ಕಾಪಿಗಳು (ಒಂದೇ ಫೋಟೋವನ್ನು ಬೇರೆ ಥರ ತಿದ್ದಿದ ರೂಪಗಳು) ಆ ಚಿಕ್ಕ ಫೈಲ್‌ಗೆ ಬರುವುದಿಲ್ಲ. ಅವು ಇರುವುದು ಕ್ಯಾಟಲಾಗ್‌ನಲ್ಲಿ ಮಾತ್ರ. ಅದಕ್ಕೆ ಸುಲಭ ಉಪಾಯ ಇದೆ. ಪ್ರತಿ ಕಲೆಕ್ಷನ್ ತೆರೆದು, ಅದರ ಹೆಸರನ್ನೇ ಒಳಗಿನ ಎಲ್ಲ ಫೋಟೋಗಳಿಗೂ ಕೀವರ್ಡ್ ಆಗಿ ಹಾಕಿಬಿಡಿ. ಫ್ಲ್ಯಾಗ್ ಹಾಕಿ ಆರಿಸುವ ರೂಢಿ ಇದ್ದರೆ ಆ ಫೋಟೋಗಳಿಗೆ ಸ್ಟಾರ್ ಕೂಡ ಕೊಡಿ. ಇದೆಲ್ಲ ಮಾಡಿದ ಮೇಲೆ ಎಲ್ಲ ಫೋಟೋ ಆರಿಸಿ ಕಂಟ್ರೋಲ್ (ಮ್ಯಾಕ್‌ನಲ್ಲಿ ಕಮಾಂಡ್) ಜೊತೆ ಎಸ್ ಒತ್ತಿ.

ನಂತರ ಎಕ್ಸ್‌ಪೋರ್ಟ್. ಮೂರು ಸ್ಟಾರ್ ಮತ್ತು ಅದಕ್ಕಿಂತ ಮೇಲಿನವನ್ನು ಪೂರ್ತಿ ಗಾತ್ರದ ಜೆಪೆಗ್ ಮಾಡಿ, ಕ್ವಾಲಿಟಿ 90ರ ಆಸುಪಾಸು ಇರಲಿ. ವರ್ಚುವಲ್ ಕಾಪಿಗಳಲ್ಲಿ ಬೇಕಾದವನ್ನೂ ಸೇರಿಸಿ. ತುಂಬಾ ಇಷ್ಟವಾದ ನೂರೋ ಇನ್ನೂರೋ ಫೋಟೋಗಳನ್ನು 16 ಬಿಟ್ ಟಿಫ್ ಮಾಡಿ. ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು. 16 ಬಿಟ್‌ನಲ್ಲಿ 65,536. ಮುಂದೆ ಇನ್ನಷ್ಟು ತಿದ್ದಬೇಕು ಅನಿಸಿದರೆ ಆಕಾಶದಂಥ ಕಡೆ ಪಟ್ಟೆ ಬೀಳುವುದಿಲ್ಲ. ಆದರೆ 24 ಮೆಗಾಪಿಕ್ಸೆಲ್‌ನ ಅಂಥ ಒಂದು ಟಿಫ್, ಕಂಪ್ರೆಸ್ ಮಾಡದಿದ್ದರೆ, ಸುಮಾರು 144 ಎಂಬಿ. 18,000 ಫೋಟೋಗಳನ್ನೂ ಹಾಗೆ ಮಾಡಿದರೆ ಎರಡೂವರೆ ಟಿಬಿ ದಾಟುತ್ತದೆ. ಬೇಡವೇ ಬೇಡ. ರಾ ಫೈಲ್‌ಗಳು ಹೇಗೂ ನಿಮ್ಮ ಹತ್ತಿರವೇ ಇರುತ್ತವೆ. ಕ್ಯಾಟಲಾಗ್ ಫೈಲನ್ನೂ ಅಳಿಸಬೇಡಿ, ಒಂದು ಪ್ರತಿ ಬೇರೆ ಡಿಸ್ಕ್‌ನಲ್ಲಿ ಇರಲಿ. ಯಾವತ್ತಾದರೂ ಅಗತ್ಯ ಬಿದ್ದರೆ ಮತ್ತೆ ಚಂದಾ ಕಟ್ಟಿ ಹಳೆಯ ಎಡಿಟ್‌ಗಳನ್ನು ಬದಲಾಯಿಸಬಹುದು.

ಇನ್ನು ಯಾವುದನ್ನು ಹಿಡಿಯುವುದು? ಪಟ್ಟಿ ನೋಡುವ ಮೊದಲು, ಕಳೆದ ಐವತ್ತು ಫೋಟೋಗಳಿಗೆ ನೀವು ಏನು ಮಾಡಿದ್ದೀರಿ ಅಂತ ತೆರೆದು ನೋಡಿ. ಕ್ರಾಪ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ನೆರಳು ಸ್ವಲ್ಪ ಮೇಲೆ, ಒಂದೋ ಎರಡೋ ಮಾಸ್ಕ್ (ಫೋಟೋದ ಒಂದು ಭಾಗಕ್ಕೆ ಮಾತ್ರ ಮಾಡುವ ತಿದ್ದುಪಡಿ). ಬಹಳಷ್ಟು ಹವ್ಯಾಸಿಗಳದ್ದು ಇಷ್ಟೇ. ಇಷ್ಟಕ್ಕೆ ಕ್ಯಾಮೆರಾ ಕಂಪನಿಯೇ ಉಚಿತವಾಗಿ ಕೊಡುವ ಪ್ರೋಗ್ರಾಂ ಸಾಕಾಗಬಹುದು. ಕ್ಯಾನನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ಗೆ ಎನ್‌ಎಕ್ಸ್ ಸ್ಟುಡಿಯೋ, ಸೋನಿಗೆ ಇಮೇಜಿಂಗ್ ಎಡ್ಜ್. ಜನ ಇವುಗಳ ಕಡೆ ತಿರುಗಿಯೂ ನೋಡುವುದಿಲ್ಲ, ನನಗೆ ಅದು ಸರಿ ಅನಿಸುವುದಿಲ್ಲ. ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಕಂಡ ಬಣ್ಣಕ್ಕೆ ತೀರಾ ಹತ್ತಿರದ ಬಣ್ಣ ಸಿಗುವುದು ಇವುಗಳಲ್ಲೇ. ಕೊರತೆ ಅಂದರೆ, ಬೇರೆ ಕಂಪನಿಯ ರಾ ಫೈಲ್‌ಗೆ ಇವು ಉಪಯೋಗಕ್ಕೆ ಬರುವುದಿಲ್ಲ.

ಇನ್ನೂ ಹೆಚ್ಚು ಹಿಡಿತ ಬೇಕೆಂದರೆ ಡಾರ್ಕ್‌ಟೇಬಲ್. 2009ರಿಂದ ಇದೆ, ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮಾಸ್ಕ್ ವಿಷಯದಲ್ಲಿ ತುಂಬಾ ಶಕ್ತಿಶಾಲಿ. ಕಲಿಯುವುದು ಮಾತ್ರ ಕಷ್ಟ, ಅದನ್ನು ಮುಚ್ಚಿಡುವುದಿಲ್ಲ. ಒಂದೇ ಕೆಲಸಕ್ಕೆ ಮೂರು ನಾಲ್ಕು ಮಾಡ್ಯೂಲ್ ಇರುತ್ತವೆ, ಯಾವುದು ಮುಟ್ಟಬೇಕು ಗೊತ್ತಾಗುವುದಿಲ್ಲ. ರಾ ಫೋಟೋ ಮೊದಲು ತೆರೆದಾಗ ಮಂಕಾಗಿ ಕಾಣುತ್ತದೆ. ಅದನ್ನು ನೋಡಿಯೇ ಎಷ್ಟೋ ಜನ ವಾಪಸ್ ಹೋಗುತ್ತಾರೆ. ಮೊದಲ ತಿಂಗಳು ಎಕ್ಸ್‌ಪೋಷರ್, ಕಲರ್ ಕ್ಯಾಲಿಬ್ರೇಷನ್, ಸಿಗ್ಮಾಯ್ಡ್, ಲೆನ್ಸ್ ಕರೆಕ್ಷನ್, ಈ ನಾಲ್ಕನ್ನೇ ಬಳಸಿ. ಎಕ್ಸ್‌ಪೋಷರ್‌ನಿಂದ ಮುಖ್ಯ ವಿಷಯದ ಬೆಳಕು ಸರಿ ಮಾಡಿಕೊಳ್ಳಿ. ಮಿಕ್ಕ ಹೆಚ್ಚುಕಡಿಮೆಯನ್ನು ಸಿಗ್ಮಾಯ್ಡ್ ನೋಡಿಕೊಳ್ಳುತ್ತದೆ. ಬೇರೆ ಮಾಡ್ಯೂಲ್‌ಗಳ ಹತ್ತಿರ ಸುಮ್ನೆ ಹೋಗಬೇಡಿ. ರಾಥೆರಪಿ ಎಂಬ ಇನ್ನೊಂದು ಉಚಿತ ಪ್ರೋಗ್ರಾಂ ಇದೆ. ಗರಿ, ಎಲೆಯಂಥ ಸೂಕ್ಷ್ಮ ವಿವರಗಳನ್ನು ತೆಗೆಯುವುದರಲ್ಲಿ ನನಗೆ ಅದು ಇಷ್ಟ.

ನೀವು ಹಕ್ಕಿ ತೆಗೆಯುವವರು, ಹಾಗಾಗಿ ಒಂದು ಮಾತು ಬಿಚ್ಚಿ ಹೇಳಬೇಕು. ಮುಂಜಾನೆ ಬೆಳಕು ಕಡಿಮೆ, ಶಟರ್ ವೇಗ ಜಾಸ್ತಿ ಬೇಕು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400ಕ್ಕೆ ಏರುತ್ತದೆ, ಫೋಟೋ ತುಂಬಾ ಕಾಳು ಕಾಳು. ಆ ನಾಯ್ಸ್ ತೆಗೆಯಲು ಲೈಟ್‌ರೂಮ್‌ನ ಎಐ ಡಿನಾಯ್ಸ್ ಬಳಸಿ ರೂಢಿಯಾಗಿದ್ದರೆ, ಉಚಿತ ಪ್ರೋಗ್ರಾಂಗಳಲ್ಲಿ ಅದರ ಕೊರತೆ ಕಾಡುತ್ತದೆ. ಇಲ್ಲಿ ಮಾತ್ರ ದುಡ್ಡು ಹಾಕುವುದು ತಪ್ಪಲ್ಲ. ಡಿಎಕ್ಸ್‌ಒ ಕಂಪನಿಯ ಡೀಪ್‌ಪ್ರೈಮ್ ಈ ಕೆಲಸದಲ್ಲಿ ಬಹಳ ಚೆನ್ನಾಗಿದೆ. ಅವರ ಫೋಟೋಲ್ಯಾಬ್ ಪೂರ್ತಿ ಎಡಿಟರ್. ಪ್ಯೂರ್‌ರಾ ಆದರೆ ಮುಖ್ಯವಾಗಿ ನಾಯ್ಸ್ ಮತ್ತು ಲೆನ್ಸ್ ದೋಷ ತೆಗೆದು ಡಿಎನ್‌ಜಿ ಮಾಡಿಕೊಡುತ್ತದೆ. ಅದನ್ನು ಡಾರ್ಕ್‌ಟೇಬಲ್‌ಗೆ ಕೊಂಡೊಯ್ಯಬಹುದು. ಎರಡನ್ನೂ ಒಮ್ಮೆ ದುಡ್ಡು ಕೊಟ್ಟು ಕೊಳ್ಳಬಹುದು, ಮೊದಲು ಕೆಲವು ದಿನ ಪುಕ್ಕಟೆ ಪರೀಕ್ಷಿಸಿಯೂ ನೋಡಬಹುದು. ನಿಮ್ಮದೇ ಕೆಟ್ಟ ಬೆಳಕಿನ ಹತ್ತು ಫೋಟೋ ಹಾಕಿ ನೋಡಿ, ಆಮೇಲೆ ತೀರ್ಮಾನ ಮಾಡಿ.

18,000 ಫೋಟೋಗಳಲ್ಲಿ ಹುಡುಕಾಡುವುದಕ್ಕೆ ಡಿಜಿಕ್ಯಾಮ್ ಹಾಕಿಕೊಳ್ಳಿ, ಅದೂ ಉಚಿತ. ಅದರ ಸೆಟ್ಟಿಂಗ್ಸ್‌ನಲ್ಲಿ ಪಕ್ಕದ ಎಕ್ಸ್‌ಎಂಪಿ ಫೈಲ್ ಓದು ಅಂತ ಹೇಳಬೇಕು. ಲೈಟ್‌ರೂಮ್ ಆ ಫೈಲ್‌ಗೆ ಹೆಸರಿಡುವ ರೀತಿ ಬೇರೆ, ಡಿಜಿಕ್ಯಾಮ್‌ನದು ಬೇರೆ. ವಾಣಿಜ್ಯ ಪ್ರೋಗ್ರಾಂಗಳಿಗೆ ಹೊಂದುವ ಹೆಸರು ಎಂಬ ಆಯ್ಕೆಯೂ ಅಲ್ಲೇ ಇದೆ. ಅದಕ್ಕೆ ಟಿಕ್ ಹಾಕಿ. ಇಲ್ಲದಿದ್ದರೆ ಕೀವರ್ಡ್‌ಗಳೇ ಕಾಣಲಿಲ್ಲ ಅಂತ ಗಾಬರಿ ಬೀಳುತ್ತೀರಿ.

ಚಂದಾ ನವೀಕರಣದ ದಿನ ಯಾವುದು ಅಂತಲೂ ಇವತ್ತೇ ನೋಡಿಕೊಳ್ಳಿ. ವರ್ಷದ ಯೋಜನೆಯನ್ನು ತಿಂಗಳ ಕಂತಿನಲ್ಲಿ ಕಟ್ಟುತ್ತಿದ್ದರೆ, ನಡುವೆ ನಿಲ್ಲಿಸಿದಾಗ ಶುಲ್ಕ ಬೀಳಬಹುದು. ಆ ದಿನಕ್ಕೆ ಎರಡು ತಿಂಗಳು ಮೊದಲೇ ಹೊಸದನ್ನು ಕಲಿಯಲು ಶುರು ಮಾಡಿ. ಹಳೆಯದು ಕೈಯಲ್ಲಿ ಇರುವಾಗಲೇ ಕಲಿತರೆ ಅವಸರ ಇರುವುದಿಲ್ಲ.

ಪ್ರಶ್ನೆ: ನನಗೆ ಬೇಕಿರುವುದು ಫೋಟೋಶಾಪ್‌ಗೆ ಬದಲಿ. ಫೋಟೋದಲ್ಲಿ ಅಡ್ಡ ಬಂದವರನ್ನು ತೆಗೆಯುವುದು, ಎರಡು ಫೋಟೋ ಸೇರಿಸುವುದು, ಮೇಲೆ ಅಕ್ಷರ ಬರೆಯುವುದು, ಇಷ್ಟು ಸಾಕು. ಫೋಟೋಶಾಪ್‌ನಲ್ಲಿ ಉಳಿಸಿದ ಹಳೆಯ ಪಿಎಸ್‌ಡಿ ಫೈಲ್‌ಗಳೂ ಇವೆ.

ಉತ್ತರ: ಅಫಿನಿಟಿಯಿಂದ ಶುರು ಮಾಡಿ. ಮೊದಲು ಒಮ್ಮೆ ಕೊಳ್ಳುವ ಪ್ರೋಗ್ರಾಂ ಆಗಿತ್ತು. 2024ರಲ್ಲಿ ಕ್ಯಾನ್ವಾ ಅದನ್ನು ಕೊಂಡಿತು, 2025ರಿಂದ ಕ್ಯಾನ್ವಾ ಖಾತೆ ಇದ್ದರೆ ಉಚಿತ. ಎಐ ಸೌಲಭ್ಯಗಳಿಗೆ ಮಾತ್ರ ದುಡ್ಡು. ಫೋಟೋಶಾಪ್ ಕೈಗೆ ಅದು ಬೇಗ ಒಗ್ಗುತ್ತದೆ. ಅಪರೂಪಕ್ಕೆ ಬಳಸುವವರಿಗೆ ಫೋಟೋಪಿಯಾ ಸಾಕು, ಬ್ರೌಸರ್‌ನಲ್ಲೇ ತೆರೆಯುತ್ತದೆ, ಫೈಲ್ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ. ಗಿಂಪ್ ಎಂಬ ಇನ್ನೊಂದು ಉಚಿತ ಪ್ರೋಗ್ರಾಂ ಬಗ್ಗೆ ಹಿಂದೆ ನನಗೆ ಒಂದು ತಕರಾರು ಇತ್ತು, ಫಿಲ್ಟರ್ ಹಾಕಿದ ಮೇಲೆ ಆ ಬದಲಾವಣೆ ಚಿತ್ರದಲ್ಲೇ ಕೂತುಬಿಡುತ್ತಿತ್ತು. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಅದು ಸರಿಯಾಗಿದೆ. ಈಗ ಫಿಲ್ಟರನ್ನು ಆಮೇಲೂ ಬದಲಾಯಿಸಬಹುದು.

ಪಿಎಸ್‌ಡಿ ಮೂರರಲ್ಲೂ ತೆರೆಯುತ್ತದೆ. ಆದರೆ ಅಕ್ಷರದ ಲೇಯರ್, ಸ್ಮಾರ್ಟ್ ಆಬ್ಜೆಕ್ಟ್ ಎಲ್ಲ ಮೊದಲಿನ ಹಾಗೆ ಬರುತ್ತವೆ ಅಂತ ನಂಬಬೇಡಿ. ಫೋಟೋಶಾಪ್ ಇರುವಾಗಲೇ ಮುಖ್ಯವಾದವಕ್ಕೆ ಒಂದೊಂದು ಟಿಫ್ ಪ್ರತಿ ತೆಗೆದಿಡಿ.

ಪ್ರಶ್ನೆ: ಚಂದಾ ಬೇಡ, ಒಮ್ಮೆ ಕೊಂಡರೆ ಕೊನೆಯವರೆಗೂ ಇರುವಂಥದ್ದು ಬೇಕು. ಫೋಟೋಶಾಪ್ ಎಲಿಮೆಂಟ್ಸ್ ಕೊಳ್ಳಲೇ?

ಉತ್ತರ: ಹಿಂದೆ ಹಾಗಿತ್ತು. ಎಲಿಮೆಂಟ್ಸ್ 2025ರಿಂದ ಲೈಸೆನ್ಸ್ ಮೂರು ವರ್ಷಕ್ಕೆ ಮಾತ್ರ. ಕೊಳ್ಳುವ ಮೊದಲು ಅವಧಿ ಎಷ್ಟು ಅಂತ ಓದಿ ನೋಡಿ. ನಿಜವಾಗಿ ಒಮ್ಮೆ ಕೊಂಡ ಪ್ರೋಗ್ರಾಂಗೂ ಒಂದು ಮಿತಿ ಇದೆ. ಲೈಟ್‌ರೂಮ್ 6 ಬಂದದ್ದು 2015ರಲ್ಲಿ, ಅದರ ಅಪ್‌ಡೇಟ್ 2017ರ ಕೊನೆಗೆ ನಿಂತಿತು. ಆಮೇಲೆ ಬಂದ ಕ್ಯಾಮೆರಾಗಳ ರಾ ಫೈಲ್ ಅದಕ್ಕೆ ಓದಲು ಬರುವುದಿಲ್ಲ. ಹೊಸ ಕ್ಯಾಮೆರಾ ಕೊಂಡಾಗ ಈ ತೊಂದರೆ ಯಾವ ಹಳೆಯ ಪ್ರೋಗ್ರಾಂನಲ್ಲೂ ಬರಬಹುದು. ಆಗ ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಹಾಕಿಕೊಳ್ಳಿ. ಅದು ಉಚಿತ, ಚಂದಾ ಬೇಕಿಲ್ಲ. ಹೊಸ ರಾ ಫೈಲನ್ನು ಡಿಎನ್‌ಜಿ ಮಾಡಿದರೆ, ಡಿಎನ್‌ಜಿ ಓದುವ ಹಳೆಯ ಪ್ರೋಗ್ರಾಂಗಳಲ್ಲಿ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಮೂಲ ರಾ ಫೈಲನ್ನು ಮಾತ್ರ ಅಳಿಸಬೇಡಿ.